ಬೋನ್ ಮ್ಯಾರೋ ಪರೀಕ್ಷೆ: ಭಯ ಎಷ್ಟು, ನೋವು ಎಷ್ಟು?

ದೊಡ್ಡಾಸ್ಪತ್ರೆಯ ರಕ್ತರೋಗ ವಿಭಾಗದ ಹೊರಗೆ ಬೆಳಿಗ್ಗೆ ಒಂಬತ್ತಕ್ಕೇ ಬೆಂಚುಗಳು ತುಂಬಿರುತ್ತವೆ. ಎಲ್ಲರ ಕೈಯಲ್ಲೂ ಬಟ್ಟೆ ಅಂಗಡಿಯ ಕವರು. ಅದರೊಳಗೆ ಫೈಲು, ರೇಷನ್ ಕಾರ್ಡಿನ ಜೆರಾಕ್ಸು, ತಿಂಗಳಿಂದ ಸೇರುತ್ತಾ ಬಂದ ರಕ್ತಪರೀಕ್ಷೆಯ ಚೀಟಿಗಳು. ರಾತ್ರಿ ಬಸ್ಸಿನಲ್ಲಿ ಬಂದವರು ಗೋಡೆಗೊರಗಿ ತೂಕಡಿಸುತ್ತಿರುತ್ತಾರೆ. ಡಾಕ್ಟರ ಕೋಣೆಯಿಂದ ಹೊರಬಂದ ಮಗ ಅಪ್ಪನಿಗೆ ಕೇಳಿಸದಂತೆ ಅಮ್ಮನಿಗೆ ಪಿಸುಗುಡುತ್ತಾನೆ: ‘ಬೋನ್ ಮ್ಯಾರೋ ಮಾಡಿಸ್ಬೇಕಂತೆ.’ ಪಕ್ಕದ ಬೆಂಚಿನವರಿಗೆ ಅಷ್ಟು ಸಾಕು. ‘ಬೆನ್ನಿಗೆ ಸೂಜಿ ಹಾಕಿ ನೀರು ತೆಗೀತಾರಮ್ಮ. ನಮ್ಮ ಕಡೆ ಒಬ್ರಿಗೆ ಹಂಗೇ ತೆಗೆದ್ಮೇಲೆ ಕಾಲೇ ಬಿದ್ದೋಯ್ತು’ ಎಂಬ ಮಾತು ಬಂದೇ ಬರುತ್ತದೆ.

ಅದನ್ನು ಕೇಳಿದ ಮೇಲೆ ‘ಊರಿಗೆ ಹೋಗಿ ಯೋಚನೆ ಮಾಡಿ ಬರ್ತೀವಿ’ ಎಂದು ಎದ್ದುಹೋಗುವವರಿದ್ದಾರೆ. ಅವರು ಮರಳಿ ಬರುವ ಹೊತ್ತಿಗೆ ಕೆಲವು ಕಾಯಿಲೆಗಳು ಕೈಮೀರಿರುತ್ತವೆ. ಸ್ಕ್ಯಾನು, ಎಕ್ಸ್‌ರೇ, ಶುಗರ್ ಟೆಸ್ಟುಗಳು ಈಗ ನಮ್ಮ ಹಳ್ಳಿಗಳಲ್ಲೂ ಮನೆಮಾತು. ಬೋನ್ ಮ್ಯಾರೋ ಪರೀಕ್ಷೆಯ ವಿಚಾರದಲ್ಲಿ ಮಾತ್ರ ತಿಳಿವಳಿಕೆಗಿಂತ ವದಂತಿ ಮುಂದೆ ಓಡುತ್ತಿದೆ. ಹಾಗಾಗಿ ಮಂಚದ ಮೇಲೆ ಮಲಗಬೇಕಾದವರಿಗೂ ಅವರ ಜೊತೆ ಹೋಗುವವರಿಗೂ ಏನು ನಡೆಯುತ್ತದೆ, ಯಾಕೆ ನಡೆಯುತ್ತದೆ ಎಂಬುದನ್ನು ಮೊದಲಿಂದ ಹೇಳುವುದು ಒಳ್ಳೆಯದು.

ಸೂಜಿ ಬೆನ್ನುಹುರಿಗಲ್ಲ

ಮೊದಲು ಕಾಲು ಬೀಳುವ ಮಾತನ್ನೇ ತೆಗೆದುಕೊಳ್ಳೋಣ. ಜನ ಇಲ್ಲಿ ಎರಡು ಬೇರೆ ಬೇರೆ ಪರೀಕ್ಷೆಗಳನ್ನು ಒಂದು ಮಾಡಿಕೊಂಡಿದ್ದಾರೆ. ಬೆನ್ನುಮೂಳೆಯ ಸಂದಿನಲ್ಲಿ ತೆಳು ಸೂಜಿ ಇಳಿಸಿ, ಮಿದುಳು ಮತ್ತು ಬೆನ್ನುಹುರಿಯ ಸುತ್ತ ಇರುವ ನೀರನ್ನು ತೆಗೆಯುವುದು ಒಂದು. ಅದು ಲಂಬಾರ್ ಪಂಕ್ಚರ್. ಮಿದುಳು ಜ್ವರದ ಅನುಮಾನ ಇದ್ದಾಗ ಮಾಡುವುದು ಅದನ್ನು. ಆ ಸೂಜಿಯನ್ನು ಕೂಡ ಬೆನ್ನುಹುರಿ ಮುಗಿಯುವ ಜಾಗಕ್ಕಿಂತ ಕೆಳಗೇ ಹಾಕುತ್ತಾರೆ.

ಬೋನ್ ಮ್ಯಾರೋ ಪರೀಕ್ಷೆಯಲ್ಲಿ ಸೂಜಿ ಹೋಗುವುದು ಸೊಂಟದ ಮೂಳೆಗೆ. ಸೊಂಟದ ಹಿಂಭಾಗದಲ್ಲಿ, ನಡುಬೆನ್ನಿನ ಗೆರೆಯ ಎಡಕ್ಕೂ ಬಲಕ್ಕೂ, ಹಲವರಿಗೆ ಒಂದೊಂದು ಸಣ್ಣ ಗುಳಿ ಕಾಣುತ್ತದೆ. ಅದರ ಅಡಿಯಲ್ಲೇ ಸೊಂಟದ ಮೂಳೆಯ ಹಿಂಬದಿಯ ಉಬ್ಬು ಇದೆ. ಅಲ್ಲಿ ಮೂಳೆ ಅಗಲವಾಗಿದೆ, ಚರ್ಮಕ್ಕೆ ಹತ್ತಿರವಿದೆ, ಸುತ್ತಮುತ್ತ ದೊಡ್ಡ ರಕ್ತನಾಳವಾಗಲೀ ಹೃದಯ, ಶ್ವಾಸಕೋಶಗಳಂಥ ಅಂಗಗಳಾಗಲೀ ಇಲ್ಲ. ವಯಸ್ಕರ ಬೆನ್ನುಹುರಿ ಅದಕ್ಕಿಂತ ಸಾಕಷ್ಟು ಮೇಲೆಯೇ ಮುಗಿದಿರುತ್ತದೆ.

ಗೊಂದಲಕ್ಕೆ ಕಾರಣವೂ ಇದೆ. ಕೆಲವು ಬಗೆಯ ರಕ್ತ ಕ್ಯಾನ್ಸರ್‌ಗಳಲ್ಲಿ, ಅದರಲ್ಲೂ ಮಕ್ಕಳಲ್ಲಿ, ಎರಡೂ ಪರೀಕ್ಷೆಗಳನ್ನು ಮಾಡಬೇಕಾಗುತ್ತದೆ. ಕೆಲವೊಮ್ಮೆ ಒಂದೇ ದಿನ, ಒಂದೇ ಮಂಚದ ಮೇಲೆ. ಹೊರಗೆ ಕಾಯುತ್ತಿರುವ ಮನೆಯವರಿಗೆ ಎರಡೂ ‘ಬೆನ್ನಿಗೆ ಹಾಕೋ ಸೂಜಿ’ಯೇ. ಕಾಲಿನ ಶಕ್ತಿ ಹೋದ ರೋಗಿ ಯಾರೋ ಇದ್ದಿರಬಹುದು. ಬೆನ್ನುಮೂಳೆಯನ್ನೇ ಹಿಡಿದ ಕಾಯಿಲೆಯಿಂದಲೂ ಹಾಗಾಗುತ್ತದೆ. ಊರಿನ ಮಾತಿನಲ್ಲಿ ದೂರು ಮಾತ್ರ ಸೂಜಿಯ ಮೇಲೆ ಬರುತ್ತದೆ.

ರಕ್ತದ ತವರು

ಮಟನ್ ಸಾರಿನ ನಲ್ಲಿ ಮೂಳೆ ಚೀಪಿದವರಿಗೆ ಮಜ್ಜೆ, ಅಂದರೆ ಬೋನ್ ಮ್ಯಾರೋ, ಹೇಗಿರುತ್ತದೆಂದು ಬೇರೆ ಹೇಳಬೇಕಿಲ್ಲ. ನಮ್ಮ ಮೂಳೆಗಳ ಒಳಗೂ ಅಂಥದೇ ಮೆತ್ತನೆಯ ವಸ್ತುವಿದೆ. ಅದರಲ್ಲಿ ಹಳದಿ ಬಣ್ಣದ್ದು ಹೆಚ್ಚಾಗಿ ಕೊಬ್ಬು. ಕೆಂಪು ಬಣ್ಣದ್ದೇ ರಕ್ತ ಹುಟ್ಟುವ ಜಾಗ.

ರಕ್ತ ಮೂಳೆಯೊಳಗೆ ಹುಟ್ಟುತ್ತದೆ ಎಂಬುದು ವಿಜ್ಞಾನಕ್ಕೆ ತಿಳಿದು ಇನ್ನೂ ಇನ್ನೂರು ವರ್ಷವಾಗಿಲ್ಲ. 1868ರಲ್ಲಿ ಕ್ಯೋನಿಗ್ಸ್‌ಬರ್ಗ್‌ನ ಅರ್ನ್ಸ್ಟ್ ನೋಯ್ಮನ್ ಮತ್ತು ಇಟಲಿಯ ಜೂಲಿಯೊ ಬಿಡ್ಜೊಜೆರೊ, ಒಬ್ಬರಿಗೊಬ್ಬರು ಸಂಬಂಧವಿಲ್ಲದೆ, ಮಜ್ಜೆಯಲ್ಲಿ ಎಳೆಯ ರಕ್ತಕಣಗಳನ್ನು ಕಂಡು ಇದನ್ನು ಹೇಳಿದರು. ಅಲ್ಲಿಯ ತನಕ ಮೂಳೆಯ ಒಳಗಿನ ಈ ವಸ್ತುವಿಗೆ ಇಂಥ ಕೆಲಸವಿದೆ ಎಂದು ಯಾರೂ ಎಣಿಸಿರಲಿಲ್ಲ.

ಆರೋಗ್ಯವಂತ ವಯಸ್ಕರ ಮಜ್ಜೆ ದಿನವೊಂದಕ್ಕೆ ಸುಮಾರು 20,000 ಕೋಟಿ ಕೆಂಪು ರಕ್ತಕಣಗಳನ್ನು ಹೊರಗೆ ಬಿಡುತ್ತದೆ. ಒಂದು ಕೆಂಪುಕಣದ ಆಯುಸ್ಸು ಹೆಚ್ಚುಕಡಿಮೆ 120 ದಿನ. ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್‌ಗಳದ್ದು ಒಂದು ವಾರ, ಹತ್ತು ದಿನ. ಸೋಂಕಿನ ವಿರುದ್ಧ ಹೋರಾಡುವ ಬಿಳಿಕಣಗಳಲ್ಲಿ ಕೆಲವಂತೂ ರಕ್ತದಲ್ಲಿ ಒಂದು ದಿನವೂ ಇರುವುದಿಲ್ಲ. ಈ ಮೂರನ್ನೂ ಮಜ್ಜೆ ಬಿಡುವಿಲ್ಲದೆ ತುಂಬಿಸುತ್ತಲೇ ಇರಬೇಕು. ಅದು ಸೋತರೆ ಸುಸ್ತು, ಪದೇಪದೇ ಜ್ವರ, ಒಸಡಿನಲ್ಲಿ ರಕ್ತ, ಮೈಮೇಲೆ ನೀಲಿ ಕಲೆಗಳು ಶುರುವಾಗುತ್ತವೆ.

ಹಸುಗೂಸುಗಳಲ್ಲಿ ಹೆಚ್ಚುಕಡಿಮೆ ಎಲ್ಲ ಮೂಳೆಗಳಲ್ಲೂ ಕೆಂಪು ಮಜ್ಜೆ ಇರುತ್ತದೆ. ಬೆಳೆದಂತೆ ಕೈಕಾಲುಗಳ ಉದ್ದ ಮೂಳೆಗಳಲ್ಲಿ ಕೊಬ್ಬು ಅದರ ಜಾಗ ಹಿಡಿಯುತ್ತದೆ. ದೊಡ್ಡವರಲ್ಲಿ ಅದು ಉಳಿಯುವುದು ಮುಖ್ಯವಾಗಿ ಸೊಂಟ, ಬೆನ್ನುಮೂಳೆ, ಎದೆಮೂಳೆ, ಪಕ್ಕೆಲುಬು, ತಲೆಬುರುಡೆಗಳಲ್ಲಿ. ಇವುಗಳಲ್ಲಿ ಸೂಜಿಗೆ ಎಲ್ಲಕ್ಕಿಂತ ಸುರಕ್ಷಿತ ಸೊಂಟ.

ಯಾರಿಗೆ ಬೇಕು, ಯಾರಿಗೆ ಬೇಡ

ರಕ್ತ ಕಡಿಮೆ ಎಂದಾಕ್ಷಣ ಮಜ್ಜೆ ಪರೀಕ್ಷೆ ಬೇಕಿಲ್ಲ. ನಮ್ಮಲ್ಲಿ ರಕ್ತಹೀನತೆಗೆ ಬಹುಪಾಲು ಕಾರಣ ಕಬ್ಬಿಣಾಂಶದ ಕೊರತೆ. ಅದನ್ನು ಸಾಮಾನ್ಯ ರಕ್ತಪರೀಕ್ಷೆಯಲ್ಲೇ ಹಿಡಿಯಬಹುದು. ಡೆಂಗಿಯಲ್ಲಿ ಪ್ಲೇಟ್‌ಲೆಟ್ ಇಳಿದರೂ ಇದರ ಅಗತ್ಯ ಬೀಳುವುದು ಅಪರೂಪ. ಮಾಂಸ, ಮೊಟ್ಟೆ ತಿನ್ನದವರಲ್ಲಿ, ಹಾಲು ಮೊಸರನ್ನೂ ಕಡಿಮೆ ಬಳಸುವವರಲ್ಲಿ, ಬಿ12 ಜೀವಸತ್ವದ ಕೊರತೆ ಸಾಮಾನ್ಯ. ಅದು ತೀವ್ರವಾದಾಗ ಮೂರೂ ಬಗೆಯ ಕಣಗಳು ಇಳಿದು, ನೋಡಿದವರಿಗೆ ದೊಡ್ಡ ಕಾಯಿಲೆಯಂತೆಯೇ ಕಾಣುತ್ತದೆ. ಕೆಲವು ಇಂಜೆಕ್ಷನ್‌ಗಳಲ್ಲಿ ಸರಿಹೋಗುವ ತೊಂದರೆ ಅದು. ಆದ್ದರಿಂದ ‘ಬಿ12 ನೋಡಿದ್ದೀರಾ ಡಾಕ್ಟ್ರೇ?’ ಎಂದು ಕೇಳುವುದು ಅಧಿಕಪ್ರಸಂಗವಲ್ಲ, ಒಳ್ಳೆಯ ಪ್ರಶ್ನೆ.

ಕಾರಣ ತಿಳಿಯದೆ ಎರಡು ಮೂರು ಬಗೆಯ ಕಣಗಳು ಒಟ್ಟಿಗೆ ಕುಸಿದಾಗ, ರಕ್ತದಲ್ಲಿ ಇರಬಾರದ ಎಳೆಯ ಕಣಗಳು ಕಂಡಾಗ, ಬಿಳಿಕಣಗಳು ಮಿತಿಮೀರಿ ಏರಿದಾಗ ಮಜ್ಜೆಯನ್ನೇ ನೋಡಬೇಕಾಗುತ್ತದೆ. ಲ್ಯುಕೇಮಿಯ, ಮಲ್ಟಿಪಲ್ ಮೈಲೋಮ, ಕೆಲವು ಲಿಂಫೋಮಗಳಂಥ ರಕ್ತ ಕ್ಯಾನ್ಸರ್‌ಗಳು, ಮಜ್ಜೆಯೇ ಬರಿದಾಗುವ ಅಪ್ಲಾಸ್ಟಿಕ್ ಅನೀಮಿಯ ಇವುಗಳನ್ನು ಗುರುತಿಸಲು, ಎಷ್ಟು ಹರಡಿದೆ ಎಂದು ಅಳೆಯಲು, ಚಿಕಿತ್ಸೆ ಫಲಿಸಿತೇ ಎಂದು ನೋಡಲು ಇದು ಬೇಕು. ವಾರಗಟ್ಟಲೆ ಬಿಡದ ಜ್ವರದ ಮೂಲ ಹುಡುಕಲೂ ಮಾಡುತ್ತಾರೆ. ಮಜ್ಜೆಯಲ್ಲಿ ಅಡಗಿದ ಕ್ಷಯ ಹೀಗೆ ಸಿಕ್ಕಿದ್ದುಂಟು. ಹಾಗಾಗಿ ಈ ಪರೀಕ್ಷೆ ಬರೆದುಕೊಟ್ಟರು ಎಂದರೆ ಕ್ಯಾನ್ಸರ್ ಎಂದೇ ಅರ್ಥವಲ್ಲ.

ಸೂಜಿ ತಾಗಿಸಿದರೆ ಕ್ಯಾನ್ಸರ್ ಹರಡುತ್ತದೆ ಎಂಬ ಇನ್ನೊಂದು ನಂಬಿಕೆ ಇದೆ. ರಕ್ತದ ಕ್ಯಾನ್ಸರ್ ಇದ್ದರೆ ಅದು ಸಾಮಾನ್ಯವಾಗಿ ಆಗಲೇ ಮೈಯಲ್ಲಿ ಹರಡಿರುತ್ತದೆ. ಒಂದು ಸೂಜಿಯಿಂದ ಅದು ಹೊಸದಾಗಿ ಎಲ್ಲಿಗೂ ಹೋಗುವುದಿಲ್ಲ. ಮಜ್ಜೆ ತೆಗೆದರೆ ಮೂಳೆ ಟೊಳ್ಳಾಗುತ್ತದೆ, ಶಕ್ತಿ ಹೋಗುತ್ತದೆ ಎಂಬುದೂ ಸುಳ್ಳು. ತೆಗೆಯುವುದು ಕೆಲವೇ ಮಿಲಿಲೀಟರ್ ದ್ರವ ಮತ್ತು ಒಂದೆರಡು ಸೆಂಟಿಮೀಟರ್ ಉದ್ದದ ಮೂಳೆಯ ಎಳೆ. ಅದನ್ನು ದೇಹ ತಾನೇ ತುಂಬಿಕೊಳ್ಳುತ್ತದೆ.

ಸಹಿ ಹಾಕುವ ಮುನ್ನ

ಇದಕ್ಕೆ ಹೆಚ್ಚಾಗಿ ಆಸ್ಪತ್ರೆಗೆ ಅಡ್ಮಿಟ್ ಆಗಬೇಕಿಲ್ಲ. ಬೆಳಿಗ್ಗೆ ಬಂದು ಮಧ್ಯಾಹ್ನ ಹೋಗಬಹುದು. ಜಾಗ ಮರಗಟ್ಟಿಸಿ ಮಾಡುವುದಾದರೆ ತಿಂಡಿ ತಿಂದೇ ಬರಬಹುದು, ತಿಂದು ಬರುವುದೇ ಒಳ್ಳೆಯದು. ನಿದ್ದೆ ಬರಿಸಿ ಮಾಡುವುದಾದರೆ ಮಾತ್ರ ಹೊಟ್ಟೆ ಖಾಲಿ ಇರಬೇಕು. ಸಕ್ಕರೆ ಕಾಯಿಲೆಯವರು ಆ ದಿನ ಇನ್ಸುಲಿನ್, ಮಾತ್ರೆ ಹೇಗೆ ಎಂದು ಮೊದಲೇ ಕೇಳಿಕೊಳ್ಳಬೇಕು.

ಮರೆಯದೆ ಹೇಳಬೇಕಾದ್ದು ರಕ್ತ ತೆಳುಮಾಡುವ ಮಾತ್ರೆಗಳ ವಿಚಾರ. ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡವರು ತೆಗೆದುಕೊಳ್ಳುವ ಆಸ್ಪಿರಿನ್, ಕ್ಲೋಪಿಡೊಗ್ರೆಲ್, ಕವಾಟ ಬದಲಿಸಿಕೊಂಡವರ ಅಸಿಟ್ರಾಮ್ ಅಥವಾ ವಾರ್ಫರಿನ್ ಎಲ್ಲವೂ ಈ ಸಾಲಿಗೆ ಸೇರುತ್ತವೆ. ಮಾತ್ರೆ ಪಟ್ಟಿಗಳನ್ನೇ ತಂದು ತೋರಿಸಿ. ಆದರೆ ಯಾರೋ ಹೇಳಿದರೆಂದು ನೀವಾಗಿಯೇ ನಿಲ್ಲಿಸಬೇಡಿ. ಸ್ಟೆಂಟ್ ಇರುವವರು ಹಾಗೆ ನಿಲ್ಲಿಸಿದರೆ ಅಪಾಯ ಸೂಜಿಯಿಂದಲ್ಲ, ಹೃದಯದಿಂದ ಬರುತ್ತದೆ. ಹಿಂದೆ ಹಲ್ಲು ಕೀಳಿಸುವಾಗ ಮರಗಟ್ಟಿಸುವ ಇಂಜೆಕ್ಷನ್‌ನಿಂದ ತೊಂದರೆ ಆಗಿದ್ದರೆ, ಗರ್ಭಿಣಿಯಾಗಿದ್ದರೆ, ಗಾಯವಾದಾಗ ರಕ್ತ ನಿಲ್ಲದ ಸ್ವಭಾವ ಮನೆತನದಲ್ಲಿದ್ದರೆ ಅದನ್ನೂ ಹೇಳಿ. ಪ್ಲೇಟ್‌ಲೆಟ್ ಕಡಿಮೆ ಇದೆ ಎಂಬುದೊಂದೇ ಕಾರಣಕ್ಕೆ ಪರೀಕ್ಷೆ ನಿಲ್ಲುವುದಿಲ್ಲ. ಸೂಜಿ ತೆಗೆದ ಮೇಲೆ ಆ ಜಾಗವನ್ನು ಹೆಚ್ಚು ಹೊತ್ತು ಒತ್ತಿಹಿಡಿಯುತ್ತಾರೆ.

ಖರ್ಚಿನ ಲೆಕ್ಕವನ್ನೂ ಮೊದಲೇ ಕೇಳಿ. ‘ಬೋನ್ ಮ್ಯಾರೋ’ ಎಂದು ಒಂದೇ ಮಾತಿನಲ್ಲಿ ಹೇಳಿದರೂ ದ್ರವದ ಪರೀಕ್ಷೆ, ಮೂಳೆ ಎಳೆಯ ಬಯಾಪ್ಸಿ, ಫ್ಲೋ ಸೈಟೊಮೆಟ್ರಿ, ಕ್ರೋಮೊಸೋಮ್ ಪರೀಕ್ಷೆಗಳಿಗೆ ಬೇರೆ ಬೇರೆ ಬಿಲ್ ಬರುವುದುಂಟು. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಯಾವುದಕ್ಕೆ ನೆರವಿದೆ ಎಂದು ಆಸ್ಪತ್ರೆಯ ಆರೋಗ್ಯಮಿತ್ರರನ್ನು ವಿಚಾರಿಸಬಹುದು.

ಹೆಣ್ಣುಮಕ್ಕಳಿಗೆ ಒಂದು ಮಾತು. ಸೊಂಟದ ಹಿಂಭಾಗದ ಬಟ್ಟೆ ಸ್ವಲ್ಪ ಕೆಳಗೆ ಸರಿಸಬೇಕಾಗುತ್ತದೆ. ಅದೊಂದು ಸಂಕೋಚಕ್ಕೇ ಹಿಂಜರಿಯುವವರಿದ್ದಾರೆ. ಉಳಿದ ಮೈಯನ್ನು ಬಟ್ಟೆಯಿಂದ ಮುಚ್ಚಿರುತ್ತಾರೆ. ಜೊತೆಗೆ ನರ್ಸಮ್ಮ ಇರಲಿ ಎಂದು ಕೇಳುವ ಹಕ್ಕು ನಿಮಗಿದೆ, ಕೇಳಿ. ಸಡಿಲವಾದ ಪೈಜಾಮ ಅಥವಾ ಲಂಗ ಹಾಕಿಕೊಂಡು ಬಂದರೆ ಅನುಕೂಲ.

ಆ ಅರ್ಧ ಗಂಟೆ

ಮಂಚದ ಮೇಲೆ ಒಂದು ಮಗ್ಗುಲಿಗೆ ಮಲಗಿಸಿ, ಮಂಡಿಗಳನ್ನು ಹೊಟ್ಟೆಯ ಕಡೆ ಮಡಚಿಸುತ್ತಾರೆ. ಕೆಲವೆಡೆ ಬೋರಲು ಮಲಗಿಸುವುದೂ ಉಂಟು. ಡಾಕ್ಟರು ಬೆರಳಿನಿಂದ ಒತ್ತಿ ಮೂಳೆಯ ಉಬ್ಬನ್ನು ಹುಡುಕುತ್ತಾರೆ. ಜಾಗವನ್ನು ತಣ್ಣನೆಯ ಔಷಧಿಯಿಂದ ಒರೆಸಿ, ನಡುವೆ ತೂತಿರುವ ಹಸಿರು ಬಟ್ಟೆ ಹೊದಿಸುತ್ತಾರೆ. ಇದೆಲ್ಲ ನಡೆಯುವುದು ಬೆನ್ನ ಹಿಂದೆ, ರೋಗಿಗೆ ಏನೂ ಕಾಣುವುದಿಲ್ಲ. ಕಾಣದ್ದಕ್ಕೇ ಭಯ ಜಾಸ್ತಿ. ಒಳ್ಳೆಯ ಡಾಕ್ಟರು ಒಂದೊಂದು ಹೆಜ್ಜೆಗೂ ಮುಂಚೆ ‘ಈಗ ತಣ್ಣಗಾಗುತ್ತೆ, ಈಗ ಚುಚ್ಚುತ್ತೆ’ ಎಂದು ಹೇಳುತ್ತಾ ಹೋಗುತ್ತಾರೆ. ಹೇಳದಿದ್ದರೆ ನೀವೇ ಕೇಳಿಕೊಳ್ಳಿ.

ಮೊದಲು ಬರುವುದು ಮರಗಟ್ಟಿಸುವ ಲಿಗ್ನೋಕೇನ್ ಇಂಜೆಕ್ಷನ್. ಚುಚ್ಚಿ ಉರಿಯುತ್ತದೆ, ಕೆಲವು ಸೆಕೆಂಡುಗಳಲ್ಲಿ ಇಳಿಯುತ್ತದೆ. ಅದನ್ನು ಚರ್ಮಕ್ಕಷ್ಟೇ ಕೊಟ್ಟರೆ ಸಾಲದು. ಮೂಳೆಯನ್ನು ಸುತ್ತಿರುವ ತೆಳು ಪೊರೆಯಲ್ಲಿ ನರಗಳು ದಟ್ಟವಾಗಿರುವುದರಿಂದ ಔಷಧಿ ಅಲ್ಲಿಯ ತನಕ ಹೋಗಬೇಕು, ಹೋಗಿ ಕೆಲವು ನಿಮಿಷ ಹಿಡಿಯಬೇಕು. ನೋವು ಎಷ್ಟಿರುತ್ತದೆ ಎಂಬುದು ಬಹುಮಟ್ಟಿಗೆ ಈ ಕೆಲವು ನಿಮಿಷದ ತಾಳ್ಮೆಯ ಮೇಲೆ ನಿಂತಿದೆ.

ಆಮೇಲೆ ಗಟ್ಟಿ ಸೂಜಿ. ಡಾಕ್ಟರು ಅದನ್ನು ಅತ್ತಿತ್ತ ತಿರುಗಿಸುತ್ತಾ ಒತ್ತುವಾಗ ನೋವಿಗಿಂತ ಒತ್ತಡ ತಿಳಿಯುತ್ತದೆ. ಮೂಳೆ ಗಟ್ಟಿ ಇದ್ದವರಲ್ಲಿ ಬಲವಾಗಿಯೇ ಒತ್ತಬೇಕು, ಮಂಚ ಅಲುಗಿದಂತಾಗುತ್ತದೆ. ಅದಕ್ಕೆ ಗಾಬರಿಪಡಬೇಡಿ. ಸೂಜಿ ಮಜ್ಜೆಗೆ ಹೊಕ್ಕ ಮೇಲೆ ಸಿರಿಂಜ್ ಸೇರಿಸಿ ದ್ರವವನ್ನು ಎಳೆಯುತ್ತಾರೆ. ನಿಜವಾದ ನೋವಿನ ಕ್ಷಣ ಇದೇ. ಹಠಾತ್ತನೆ ಸೆಳೆದಂತೆ ಬಂದು, ಕೆಲವರಿಗೆ ತೊಡೆಯ ತನಕ ಹರಿದು, ಸೆಕೆಂಡುಗಳಲ್ಲಿ ನಿಲ್ಲುತ್ತದೆ. ಮೂಳೆಯ ಒಳಭಾಗವನ್ನು ಇಂಜೆಕ್ಷನ್‌ನಿಂದ ಮರಗಟ್ಟಿಸಲು ಆಗುವುದಿಲ್ಲ. ‘ಈಗ ಎಳೀತೀನಿ’ ಎಂದಾಗ ಬಾಯಿಯಿಂದ ಉಸಿರನ್ನು ನಿಧಾನವಾಗಿ ಹೊರಗೆ ಬಿಡುವುದು ಹಲವರಿಗೆ ಸಹಾಯವಾಗಿದೆ.

ಆ ಹೊತ್ತಿಗೆ ಪಕ್ಕದಲ್ಲಿ ಲ್ಯಾಬ್ ಟೆಕ್ನೀಷಿಯನ್ ಗಾಜಿನ ಸ್ಲೈಡುಗಳನ್ನು ಸಾಲಾಗಿ ಇಟ್ಟುಕೊಂಡು ನಿಂತಿರುತ್ತಾರೆ. ಮಜ್ಜೆ ಬೇಗ ಹೆಪ್ಪುಗಟ್ಟುತ್ತದೆ. ಮೊದಲ ಕೆಲವು ಹನಿಗಳನ್ನು ತಕ್ಷಣವೇ ಸ್ಲೈಡಿನ ಮೇಲೆ ಎಳೆದು ಹರಡಬೇಕು. ಅದರಲ್ಲಿ ಮಜ್ಜೆಯ ಚೂರುಗಳು ಕಂಡರೆ ಮಾದರಿ ಸರಿಯಾಗಿದೆ ಎಂದರ್ಥ. ಉಳಿದ ದ್ರವ ಬೇರೆ ಬೇರೆ ಬಣ್ಣದ ಮುಚ್ಚಳದ ಟ್ಯೂಬುಗಳಿಗೆ ಹೋಗುತ್ತದೆ.

ಕೊನೆಗೆ ಬಯಾಪ್ಸಿ. ಅದೇ ಜಾಗದಲ್ಲಿ ಟೊಳ್ಳು ಸೂಜಿಯನ್ನು ಇನ್ನಷ್ಟು ಒಳಗಿಳಿಸಿ, ಸುಮಾರು ಎರಡು ಮಿಲಿಮೀಟರ್ ದಪ್ಪದ, ಒಂದೂವರೆ ಎರಡು ಸೆಂಟಿಮೀಟರ್ ಉದ್ದದ ಮೂಳೆಯ ಎಳೆಯನ್ನು ಮಜ್ಜೆಯ ಸಮೇತ ತೆಗೆಯುತ್ತಾರೆ. ದ್ರವದಲ್ಲಿ ಬಿಡಿಬಿಡಿ ಕಣಗಳು ಸಿಗುತ್ತವೆ. ಆ ಕಣಗಳು ಒಳಗೆ ಹೇಗೆ ಕೂತಿವೆ, ಎಷ್ಟು ಒತ್ತಾಗಿವೆ, ನಡುವೆ ನಾರು ಬೆಳೆದಿದೆಯೇ ಎಂಬುದು ಈ ಎಳೆಯಿಂದ ಮಾತ್ರ ತಿಳಿಯುತ್ತದೆ. ಎರಡನ್ನೂ ಒಟ್ಟಿಗೆ ಮಾಡುವುದು ಅದಕ್ಕೇ.

ಕೆಲವೊಮ್ಮೆ ಎಷ್ಟು ಎಳೆದರೂ ದ್ರವ ಬರುವುದಿಲ್ಲ. ‘ಡಾಕ್ಟ್ರಿಗೆ ಸರಿಯಾಗಿ ಬರಲಿಲ್ಲ’ ಎಂದು ಮನೆಯವರು ಬೇಸರಪಡುತ್ತಾರೆ. ಮಜ್ಜೆಯಲ್ಲಿ ನಾರು ತುಂಬಿದಾಗ ಅಥವಾ ಕಣಗಳು ಕಿಕ್ಕಿರಿದಾಗ ಹೀಗಾಗುತ್ತದೆ. ದ್ರವ ಬಾರದಿರುವುದೇ ಒಂದು ಸುಳಿವು. ಆಗ ಮೂಳೆಯ ಎಳೆಯೇ ಆಧಾರ.

ನೋವಿನ ಬಗ್ಗೆ ನಿಜ ಹೇಳಿ

‘ಏನೂ ನೋವಾಗಲ್ಲ, ಇರುವೆ ಕಚ್ಚಿದ ಹಾಗೆ’ ಎಂದು ಸಮಾಧಾನ ಮಾಡುವವರು ಎಲ್ಲ ಆಸ್ಪತ್ರೆಗಳಲ್ಲೂ ಇದ್ದಾರೆ. ಉದ್ದೇಶ ಒಳ್ಳೆಯದು, ಫಲ ಕೆಟ್ಟದ್ದು. ಸುಳ್ಳು ಸಮಾಧಾನ ಹೇಳಿಸಿಕೊಂಡ ರೋಗಿ ಮಜ್ಜೆ ಎಳೆಯುವ ಕ್ಷಣದಲ್ಲಿ ಬೆಚ್ಚಿಬೀಳುತ್ತಾರೆ. ಏನೋ ಎಡವಟ್ಟಾಯಿತು ಎಂದುಕೊಳ್ಳುತ್ತಾರೆ. ಚಿಕಿತ್ಸೆಯ ನಡುವೆ ಎರಡನೇ ಸಲ ಬೇಕಾದಾಗ ಬರಲು ಒಪ್ಪುವುದಿಲ್ಲ. ‘ನೋವಾಗುತ್ತೆ, ಹತ್ತು ಎಣಿಸುವಷ್ಟರಲ್ಲಿ ಮುಗಿಯುತ್ತೆ’ ಎಂದು ಕೇಳಿಸಿಕೊಂಡವರು ತಡೆದುಕೊಳ್ಳುತ್ತಾರೆ. ನೋವಿನ ವಿಚಾರದಲ್ಲಿ ರೋಗಿಗೆ ನಿಜ ಹೇಳುವುದು ದಯೆಯ ಕೆಲಸ, ಚಿಕಿತ್ಸೆಯ ಭಾಗವೂ ಹೌದು.

ನೋವು ಎಲ್ಲರಿಗೂ ಒಂದೇ ಅಲ್ಲ. ಕೆಲವರು ಎದ್ದು ಕೂತು ‘ಇಷ್ಟೇನಾ?’ ಎನ್ನುತ್ತಾರೆ, ಕೆಲವರ ಕಣ್ಣಲ್ಲಿ ನೀರು ಬರುತ್ತದೆ. ಎರಡೂ ಸಹಜ. ಒತ್ತುವಾಗ ಚುರುಕಾಗಿ ನೋವಾದರೆ ಹಲ್ಲು ಕಚ್ಚಿ ಸಹಿಸಬೇಕಿಲ್ಲ. ‘ಡಾಕ್ಟ್ರೇ, ಇನ್ನೂ ಮರಗಟ್ಟಿಲ್ಲ’ ಎಂದರೆ ಇನ್ನಷ್ಟು ಔಷಧಿ ಕೊಡಬಹುದು. ತೀರಾ ಭಯವಿದ್ದವರಿಗೆ ಮಂಪರು ಬರಿಸುವ ಇಂಜೆಕ್ಷನ್ ಕೊಡುವ ವ್ಯವಸ್ಥೆ ಹಲವು ಕಡೆ ಇದೆ. ನಮ್ಮಲ್ಲಿ ಅದನ್ನು ಕೇಳುವವರೂ ಕಡಿಮೆ, ತಾವಾಗಿಯೇ ಹೇಳುವವರೂ ಕಡಿಮೆ. ‘ಗಂಡಸಾಗಿ ಇಷ್ಟಕ್ಕೆ ಹೆದರ್ತೀರಾ’ ಎಂಬ ಮಾತು ಆ ಕೋಣೆಯಲ್ಲಿ ಕೇಳಿಬರಬಾರದು.

ಮಕ್ಕಳಿಗಂತೂ ಸಾಮಾನ್ಯವಾಗಿ ಅರಿವಳಿಕೆ ಕೊಟ್ಟು, ನಿದ್ದೆಯಲ್ಲೇ ಮಾಡುತ್ತಾರೆ. ಲ್ಯುಕೇಮಿಯಾದ ಮಗುವಿಗೆ ಇದನ್ನು ಹಲವು ಸಲ ಮಾಡಬೇಕಾಗುತ್ತದೆ. ಮೊದಲ ಸಲವೇ ಹೆದರಿಸಿಬಿಟ್ಟರೆ ಮುಂದಿನ ಒಂದೊಂದು ಭೇಟಿಯೂ ಯುದ್ಧವಾಗುತ್ತದೆ. ‘ಪಾರ್ಕಿಗೆ ಹೋಗೋಣ’ ಎಂದು ನಂಬಿಸಿ ಆಸ್ಪತ್ರೆಗೆ ಕರೆತರಬೇಡಿ. ಸಣ್ಣ ಮಾತಿನಲ್ಲಿ ಇದ್ದದ್ದು ಹೇಳಿ, ಕಣ್ಣು ಬಿಡುವಾಗ ಅಪ್ಪ ಅಮ್ಮ ಎದುರಿಗೇ ಇರಿ.

ಅಪಾಯ ಎಷ್ಟು?

ಬ್ರಿಟನ್ನಿನಲ್ಲಿ 1995ರಿಂದ 2001ರವರೆಗೆ ನಡೆದ ಅಂದಾಜು 54,890 ಮಜ್ಜೆ ಬಯಾಪ್ಸಿಗಳ ಲೆಕ್ಕವನ್ನು ರಕ್ತರೋಗ ತಜ್ಞೆ ಬಾರ್ಬರಾ ಬೇನ್ 2003ರಲ್ಲಿ ಪ್ರಕಟಿಸಿದರು. ಗಂಭೀರವೆಂದು ವರದಿಯಾದ ತೊಂದರೆಗಳು 26. ಅಂದರೆ ಎರಡು ಸಾವಿರಕ್ಕೆ ಒಂದರಷ್ಟು. ಅವುಗಳಲ್ಲಿ ಹೆಚ್ಚಿನವು ರಕ್ತಸ್ರಾವ. ಅಪಾಯವೇ ಇಲ್ಲ ಎಂದು ಯಾರೂ ಹೇಳಲಾರರು, ತೀರಾ ವಿರಳ ಎಂದು ಹೇಳಬಹುದು.

ಇಷ್ಟು ಸುರಕ್ಷಿತವಾಗಲು ಸಮಯ ಹಿಡಿಯಿತು. ಲೆನಿನ್‌ಗ್ರಾಡ್‌ನ ಮಿಖಾಯಿಲ್ ಅರಿಂಕಿನ್ 1927ರಲ್ಲಿ ಎದೆಮೂಳೆಗೆ ಸೂಜಿ ಹಾಕಿ ಮಜ್ಜೆ ಎಳೆಯುವ ಸರಳ ವಿಧಾನ ತೋರಿಸಿಕೊಟ್ಟರು. ಬದುಕಿರುವ ರೋಗಿಯ ಮಜ್ಜೆಯನ್ನು ಶಸ್ತ್ರಚಿಕಿತ್ಸೆ ಇಲ್ಲದೆ ನೋಡುವ ದಾರಿ ಅದರಿಂದ ತೆರೆಯಿತು. ಆದರೆ ಎದೆಮೂಳೆ ತೆಳು, ಅದರ ಹಿಂದೆಯೇ ಹೃದಯ ಮತ್ತು ದೊಡ್ಡ ರಕ್ತನಾಳಗಳಿವೆ. ಹಾಗಾಗಿ ಈಗ ಅಲ್ಲಿ ಮೂಳೆಯ ಎಳೆ ತೆಗೆಯುವುದಿಲ್ಲ. ದ್ರವ ಎಳೆಯುವುದು ಕೂಡ ಅನಿವಾರ್ಯವಾದಾಗ ಮಾತ್ರ. ಇರಾನ್ ಮೂಲದ ವೈದ್ಯ ಖುಸ್ರೋ ಜಮ್ಶೀದಿ ಸಹೋದ್ಯೋಗಿ ಸ್ವೇಮ್ ಜೊತೆಗೂಡಿ 1971ರಲ್ಲಿ ತುದಿ ಕಿರಿದಾಗುವ ಟೊಳ್ಳು ಸೂಜಿಯೊಂದನ್ನು ವಿವರಿಸಿದರು. ತೆಗೆದ ಎಳೆ ಒಳಗೆ ನಜ್ಜುಗುಜ್ಜಾಗದೆ ಇದ್ದಂತೆಯೇ ಹೊರಬರುವುದು ಅದರ ಹೆಚ್ಚುಗಾರಿಕೆ. ಇಂದಿಗೂ ಆಸ್ಪತ್ರೆಗಳಲ್ಲಿ ‘ಜಮ್ಶೀದಿ ಕೊಡಿ’ ಎಂದೇ ಕೇಳುತ್ತಾರೆ.

ಮನೆಗೆ ಬಂದ ಮೇಲೆ

ಸೂಜಿ ತೆಗೆದ ಕೂಡಲೇ ಕೆಲವು ನಿಮಿಷ ಗಟ್ಟಿಯಾಗಿ ಒತ್ತಿಹಿಡಿದು, ಬಿಗಿಯಾದ ಪಟ್ಟಿ ಹಾಕಿ, ಅಂಗಾತ ಮಲಗಿಸುತ್ತಾರೆ. ಮೈಭಾರವೇ ಆ ಜಾಗವನ್ನು ಒತ್ತುತ್ತದೆ. ಅರ್ಧ ಗಂಟೆ, ಒಂದು ಗಂಟೆ ಬಿಟ್ಟು ಪಟ್ಟಿ ನೋಡಿ ಕಳಿಸುತ್ತಾರೆ. ಸಾಮಾನ್ಯವಾಗಿ ಹೊಲಿಗೆ ಹಾಕುವುದಿಲ್ಲ. ದೂರದ ಊರಿಗೆ ಬಸ್ ಹತ್ತುವವರು ಹೊರಡುವ ಮುನ್ನ ಇನ್ನೊಮ್ಮೆ ಪಟ್ಟಿ ತೋರಿಸಿ. ಮಂಪರಿನ ಔಷಧಿ ಪಡೆದವರು ಆ ದಿನ ಬೈಕು, ಕಾರು ಓಡಿಸಬಾರದು.

ಒಂದು ದಿನ ಪಟ್ಟಿ ಒದ್ದೆಯಾಗದಿರಲಿ. ಭಾರ ಎತ್ತುವುದು, ತೋಟದ ಕೆಲಸ ಒಂದೆರಡು ದಿನ ಬೇಡ. ಪೆಟ್ಟು ಬಿದ್ದಂಥ ನೋವು ಕೆಲವು ದಿನ ಇರುತ್ತದೆ. ಅದಕ್ಕೆ ಪ್ಯಾರಾಸಿಟಮಾಲ್, ಅಂದರೆ ನಮ್ಮ ಡೋಲೋ, ಸಾಮಾನ್ಯವಾಗಿ ಸಾಕು. ಬ್ರುಫೆನ್, ಕಾಂಬಿಫ್ಲಾಮ್‌ನಂಥವನ್ನು ಕೇಳದೆ ನುಂಗಬೇಡಿ. ಅವುಗಳಲ್ಲಿರುವ ಐಬುಪ್ರೊಫೇನ್ ಪ್ಲೇಟ್‌ಲೆಟ್‌ಗಳ ಕೆಲಸಕ್ಕೆ ಅಡ್ಡಿ ಮಾಡಿ ರಕ್ತಸ್ರಾವ ಹೆಚ್ಚಿಸಬಹುದು.

ನಂಜಾಗುತ್ತದೆ ಎಂದು ಬದನೆಕಾಯಿ, ಮೊಸರು ಬಿಡಿಸುವ ಹಿರಿಯರು ಮನೆಮನೆಯಲ್ಲೂ ಇದ್ದಾರೆ. ಈ ಸೂಜಿಗಾಗಿ ಯಾವ ಪಥ್ಯವೂ ಬೇಡ. ಬಿಳಿಕಣ ತೀರಾ ಕಡಿಮೆ ಇರುವವರಿಗೆ ಡಾಕ್ಟರು ಊಟದ ಬಗ್ಗೆ ಬೇರೆಯೇ ಸೂಚನೆ ಕೊಟ್ಟಿರುತ್ತಾರೆ, ಅದನ್ನು ಪಾಲಿಸಿ.

ಪಟ್ಟಿ ರಕ್ತದಲ್ಲಿ ನೆನೆಯುತ್ತಿದ್ದರೆ, ಜ್ವರ ಬಂದರೆ, ನೋವು ದಿನದಿನಕ್ಕೆ ಇಳಿಯುವ ಬದಲು ಏರಿದರೆ, ಜಾಗ ಕೆಂಪಗೆ ಊದಿದರೆ, ಕಾಲು ಜೋಮು ಹಿಡಿದರೆ ಕಾಯದೆ ಆಸ್ಪತ್ರೆಗೆ ಹೋಗಿ.

ವರದಿ ಯಾಕೆ ತಡ?

‘ರಿಪೋರ್ಟ್ ಬಂತಾ?’ ಎಂದು ಮರುದಿನದಿಂದಲೇ ಓಡಾಟ ಶುರುವಾಗುತ್ತದೆ. ಇಲ್ಲಿ ವರದಿ ಒಂದಲ್ಲ, ಹಲವು. ಒಂದೊಂದೂ ಒಂದೊಂದು ಹೊತ್ತಿಗೆ ಬರುತ್ತದೆ.

ಸ್ಲೈಡಿನದ್ದು ಮೊದಲು, ಒಂದೆರಡು ದಿನದಲ್ಲಿ. ಸ್ಲೈಡಿಗೆ ಬಣ್ಣ ಹಾಕಿ, ಪೆಥಾಲಜಿಸ್ಟ್ ಸೂಕ್ಷ್ಮದರ್ಶಕದ ಕೆಳಗೆ ಕಣಗಳನ್ನು ಒಂದೊಂದಾಗಿ, ಸಾಮಾನ್ಯವಾಗಿ 500ರವರೆಗೆ, ಎಣಿಸುತ್ತಾರೆ. ನಮ್ಮ ಲ್ಯಾಬುಗಳಲ್ಲಿ ಹೆಚ್ಚಾಗಿ ಬಳಸುವ ಲೀಶ್ಮನ್ ಬಣ್ಣಕ್ಕೆ ಹೆಸರು ಕೊಟ್ಟ ವಿಲಿಯಂ ಲೀಶ್ಮನ್, ಮದ್ರಾಸಿನಲ್ಲಿದ್ದ ಚಾರ್ಲ್ಸ್ ಡೊನೊವನ್ ಇಬ್ಬರೂ 1903ರಲ್ಲಿ ಕಾಲಾ ಅಜಾರ್ ರೋಗದ ಪರೋಪಜೀವಿಯ ಬಗ್ಗೆ ಬರೆದವರು. ಆ ಪರೋಪಜೀವಿಯನ್ನು ಇಂದಿಗೂ ಮಜ್ಜೆಯಲ್ಲಿ ಹುಡುಕುತ್ತಾರೆ. ಎಣಿಸಿದ ಕಣಗಳಲ್ಲಿ ತೀರಾ ಎಳೆಯವು (ಬ್ಲಾಸ್ಟ್) ಸಾಮಾನ್ಯವಾಗಿ ಶೇ 5ಕ್ಕಿಂತ ಕಡಿಮೆ ಇರಬೇಕು. ಶೇ 20 ಮುಟ್ಟಿದರೆ ಬಹುತೇಕ ಅದು ತೀವ್ರ ಲ್ಯುಕೇಮಿಯ.

ಮೂಳೆಯ ಎಳೆಗೆ ಒಂದು ವಾರವಾದರೂ ಬೇಕು. ಅದನ್ನು ಫಾರ್ಮಲಿನ್‌ನಲ್ಲಿಟ್ಟು, ಗಟ್ಟಿ ಮೂಳೆಯ ಸುಣ್ಣದ ಅಂಶ ಕರಗಿಸಿ, ಮೇಣದ ಅಚ್ಚಿನಲ್ಲಿ ಕೂರಿಸಿ, ಕೂದಲಿಗಿಂತ ತೆಳುವಾಗಿ ಕತ್ತರಿಸಬೇಕು. ಯಾವ ಹಂತದಲ್ಲಿ ಅವಸರ ಮಾಡಿದರೂ ಮಾದರಿ ಹಾಳು. ಕ್ರೋಮೊಸೋಮ್ ಪರೀಕ್ಷೆಗೆ ಜೀವಂತ ಕಣಗಳನ್ನು ಲ್ಯಾಬಿನಲ್ಲಿ ಬೆಳೆಸಬೇಕಾದ್ದರಿಂದ ಎರಡು ಮೂರು ವಾರ ಹಿಡಿಯಬಹುದು. ಯಾವ ಔಷಧಿ ಕೊಡಬೇಕು, ಮಜ್ಜೆ ಕಸಿ ಬೇಕೇ ಎಂಬ ತೀರ್ಮಾನ ಎಷ್ಟೋ ಸಲ ಇದರ ಮೇಲೇ ನಿಂತಿರುತ್ತದೆ. ಹಾಗಾಗಿ ಮೊದಲ ವರದಿ ಕೈಗೆ ಬಂತೆಂದು ಅದನ್ನೇ ಅಂತಿಮ ಮಾಡಿಕೊಳ್ಳಬೇಡಿ. ಮೊಬೈಲಿನಲ್ಲಿ ಹುಡುಕಿ ಅರ್ಥ ಕಟ್ಟಿಕೊಳ್ಳುವುದಂತೂ ಬೇಡ.

ಮನೆಯವರಿಗೆ ಮಾತ್ರ ಹೇಳಿ?

‘ಅಪ್ಪನಿಗೆ ಹೇಳ್ಬೇಡಿ ಡಾಕ್ಟ್ರೇ, ನಮ್ ಹತ್ರ ಹೇಳಿ.’ ಈ ಮಾತು ಕೇಳದ ರಕ್ತರೋಗ ತಜ್ಞರು ನಮ್ಮ ನಾಡಿನಲ್ಲಿ ಇರಲಾರರು. ಪ್ರೀತಿಯಿಂದ ಹುಟ್ಟಿದ ಮಾತೇ ಅದು. ಆದರೆ ‘ಬರೀ ರಕ್ತ ಪರೀಕ್ಷೆ’ ಎಂದು ನಂಬಿಸಿ ಆ ಮಂಚದ ಮೇಲೆ ಮಲಗಿಸುವುದು ಅನ್ಯಾಯ. ಮೂಳೆ ಅವರದು, ನೋವು ಅವರದು, ಒಪ್ಪಿಗೆಯೂ ಅವರದೇ ಆಗಬೇಕು. ಪ್ರಾಯಕ್ಕೆ ಬಂದ, ಬುದ್ಧಿ ಸ್ಥಿಮಿತದಲ್ಲಿರುವ ರೋಗಿಯ ಬದಲು ಮಗನೋ ಅಳಿಯನೋ ಸಹಿ ಹಾಕಿದರೆ ಅದು ಒಪ್ಪಿಗೆ ಆಗುವುದಿಲ್ಲ. ಮುಚ್ಚಿಟ್ಟರೂ ಅವರಿಗೆ ತಿಳಿಯದೇ ಇರುವುದಿಲ್ಲ; ವಾರ್ಡಿನ ಬೋರ್ಡು, ಪಕ್ಕದ ಮಂಚದವರು, ಮನೆಯವರ ಮುಖ ಎಲ್ಲವೂ ಹೇಳುತ್ತವೆ. ತಿಳಿದ ಮೇಲೆ ಯಾರ ಹತ್ತಿರವೂ ಬಾಯಿ ಬಿಡಲಾಗದೆ ಅವರು ಒಂಟಿಯಾಗುತ್ತಾರೆ. ಎಲ್ಲವನ್ನೂ ಒಂದೇ ದಿನ ಹೇಳಬೇಕಿಲ್ಲ. ಎಷ್ಟು ತಿಳಿಯಬೇಕು ಎಂದು ಅವರನ್ನೇ ಕೇಳಿ, ಅಷ್ಟು ಹೇಳಿ.

ಮುಂದೂಡಬೇಡಿ

ಎಲ್ಲ ಕಾಯಿಲೆಗಳೂ ಸಮಯ ಕೊಡುವುದಿಲ್ಲ. ಅಕ್ಯೂಟ್ ಪ್ರೊಮೈಲೊಸೈಟಿಕ್ ಲ್ಯುಕೇಮಿಯ ಎಂಬ ರಕ್ತ ಕ್ಯಾನ್ಸರ್ ಇದೆ. ಗುರುತಿಸದಿದ್ದರೆ ಮಿದುಳಿನಲ್ಲಿ ರಕ್ತಸ್ರಾವವಾಗಿ ದಿನಗಳಲ್ಲೇ ಜೀವ ತೆಗೆಯಬಲ್ಲದು. ಬೇಗ ಗುರುತಿಸಿದರೆ ‘ಎ’ ಜೀವಸತ್ವದ ಒಂದು ರೂಪ ಮತ್ತು ಆರ್ಸೆನಿಕ್‌ನಿಂದ ತಯಾರಿಸಿದ ಔಷಧಿಗಳಿಂದ ಹೆಚ್ಚಿನವರು ಪೂರ್ತಿ ಗುಣವಾಗುತ್ತಾರೆ. ಮಕ್ಕಳ ಲಿಂಫೋಬ್ಲಾಸ್ಟಿಕ್ ಲ್ಯುಕೇಮಿಯಾದಲ್ಲೂ ಸರಿಯಾದ ಚಿಕಿತ್ಸೆ ಪೂರ್ತಿ ಸಿಕ್ಕರೆ ಬಹುಪಾಲು ಮಕ್ಕಳು ಉಳಿಯುತ್ತಾರೆ.

ಡಾಕ್ಟರು ಬೋನ್ ಮ್ಯಾರೋ ಬರೆದುಕೊಟ್ಟರೆ ಯಾಕೆ ಎಂದು ಕೇಳಿ. ಬೇರೆ ದಾರಿ ಇದೆಯೇ, ನೋವಿಗೆ ಏನು ಕೊಡುತ್ತೀರಿ, ಯಾವ ವರದಿ ಯಾವಾಗ ಬರುತ್ತದೆ ಎಂದೂ ಕೇಳಿ. ವರದಿ ಬಂದ ಮೇಲೆ ಇನ್ನೊಬ್ಬ ತಜ್ಞರ ಅಭಿಪ್ರಾಯ ಬೇಕೆನಿಸಿದರೆ ಬರವಣಿಗೆಯಲ್ಲಿ ಕೋರಿ ಸ್ಲೈಡು ಮತ್ತು ಮೇಣದ ಬ್ಲಾಕುಗಳನ್ನು ಪಡೆದುಕೊಳ್ಳಿ. ಹೆಚ್ಚಿನ ಸಲ ಮತ್ತೆ ಸೂಜಿ ಹಾಕಿಸಿಕೊಳ್ಳದೆಯೇ ಅವುಗಳನ್ನು ತೋರಿಸಬಹುದು. ನಿಮ್ಮ ಪ್ರಶ್ನೆಗಳಿಗೆ ಉತ್ತರ ಸಿಕ್ಕಿದ ಮೇಲೆ, ಬೆಂಚಿನವರ ಮಾತು ಕೇಳಿ ಊರಿನ ಬಸ್ ಹತ್ತಬೇಡಿ. ಆ ದಿನವೇ ಪರೀಕ್ಷೆ ಮಾಡಿಸಿ.